ಕೊನೆಯ ಕ್ವಾರ್ಟರಿನಲ್ಲಿ ಕೂತವನು

ಎಣ್ಣೆಯ ಬೆಲೆ ಬಿದ್ದ ಆ ವರ್ಷಗಳಲ್ಲಿ ಮಸ್ಕತ್ತಿನಲ್ಲಿ ನಮ್ಮವರು ಯಾರೂ ರಜೆಗೆ ಊರಿಗೆ ಹೋಗುತ್ತಿರಲಿಲ್ಲ. ರಜೆ ಇರಲಿಲ್ಲವೆಂದಲ್ಲ, ಎಲ್ಲರ ಬಳಿಯೂ ಬೇಕಾದಷ್ಟು ಕೂಡಿಬಿದ್ದಿತ್ತು. ಹೋದವರು ವಾಪಸ್ ಬರುತ್ತಿರಲಿಲ್ಲ, ಅಷ್ಟೇ. ‘ಪಾಪ, ಒಂದೇ ಸಮನೆ ದುಡಿದಿದ್ದೀರಿ, ಊರಿಗೆ ಹೋಗಿ ಆರಾಮಾಗಿ ರೆಸ್ಟ್ ತಗೊಳ್ಳಿ’ ಎಂದು ಮ್ಯಾನೇಜರು ಬೆನ್ನು ತಟ್ಟಿ ಕಳಿಸುತ್ತಿದ್ದರು. ಊರಿನಲ್ಲಿ ಮಗುವಿನ ಕಿವಿ ಚುಚ್ಚಿಸುವ ಹೊತ್ತಿಗೆ ಸರಿಯಾಗಿ ಈ-ಮೇಲ್ ಬರುತ್ತಿತ್ತು: ತಾವು ಮರಳುವ ಅಗತ್ಯವಿಲ್ಲ. ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯಲ್ಲಿದ್ದ ಧಾರವಾಡದ ಇಂಜಿನಿಯರ್ ಹೀಗೇ ಹೋದವರು. ಅವರ ಮನೆಯ ಪಾತ್ರೆಪಗಡಿಯನ್ನು ನಾವೇ ಡಬ್ಬಕ್ಕೆ ತುಂಬಿ ಕಳಿಸಿದೆವು. ಅವರ ಕಾರು ತಿಂಗಳುಗಟ್ಟಲೆ ಕೆಳಗೆ ಧೂಳು ತಿನ್ನುತ್ತ ನಿಂತಿತ್ತು. ಅವತ್ತಿನಿಂದ ರೆಸ್ಟ್ ಅನ್ನುವ ಮಾತು ಯಾರ ಬಾಯಿಂದ ಬಂದರೂ ನನಗೆ ಮೈಯೆಲ್ಲ ಕಿವಿಯಾಗುತ್ತಿತ್ತು.

ನಾನು ಮೊದಲೇ ಅನುಮಾನದ ಪಿಂಡ. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಜಗ್ಗುವವನು. ಅಂಗಡಿಯವನು ಒಂದು ಹಣ್ಣು ಹೆಚ್ಚಿಗೆ ಹಾಕಿದರೆ ಉಳಿದವು ಕೊಳೆತಿರಬೇಕು ಎಂದು ಚೀಲ ಬಗ್ಗಿಸುವವನು. ಮೈಸೂರಿನವಳಾದ ನನ್ನ ಹೆಂಡತಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಆ ವರ್ಷಗಳಲ್ಲಿ ಇಡೀ ಊರೇ ನನ್ನ ಹಾಗಾಯಿತು. ಕನ್ನಡದವರ ಯಾವ ಸಮಾರಂಭಕ್ಕೆ ಹೋದರೂ ಜನ ಕೋಸಂಬರಿ ತಟ್ಟೆ ಹಿಡಿದುಕೊಂಡು ‘ನಿಮ್ಮ ಕಂಪನಿ ಹೇಗಿದೆ?’ ಎಂದು ಕೇಳಿ, ಉತ್ತರ ಕೇಳಿಸಿಕೊಳ್ಳದೆ ಮುಖ ನೋಡುತ್ತಿದ್ದರು. ಬಹುಶಃ ನನ್ನ ಜೀವಮಾನದಲ್ಲಿ ನಾನು ಎಲ್ಲರಂತೆ ಇದ್ದ ಕಾಲ ಅದೊಂದೇ.

ನಾನು ಅಲ್ಲಿ ಒಂದು ಖಾಸಗಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಊರು ಮಂಡ್ಯ. ಮಂಡ್ಯದವನು ಬಾಸ್ಕೆಟ್‌ಬಾಲ್ ಕಲಿಸುತ್ತಾನೆ ಎಂದರೆ ಹೊರಗಿನವರು ನಗುತ್ತಾರೆ. ಅವರ ಲೆಕ್ಕದಲ್ಲಿ ನಾವು ಕಬ್ಬು ಕಡಿಯಬೇಕು, ಇಲ್ಲವೇ ರಸ್ತೆಗಡ್ಡ ಕೂರಬೇಕು. ನಮ್ಮೂರಿನ ಸಿಮೆಂಟು ಅಂಕಣಗಳಲ್ಲಿ ಸಂಜೆ ಎಷ್ಟು ಹುಡುಗರು ಮಂಡಿ ಒಡೆದುಕೊಂಡು ಈ ಆಟ ಕಲಿತಿದ್ದಾರೆ ಎಂಬುದು ಅವರಿಗೆ ತಿಳಿಯದು. ನಾನು ಅಂಥ ಒಂದು ಅಂಕಣದವನು. ನನ್ನ ಗೆಳೆಯನೂ ಅಲ್ಲಿಯವನೇ. ನನ್ನ ಓರಗೆಯವನು, ನನಗಿಂತ ಮೊದಲು ಒಮಾನಿಗೆ ಬಂದು ಸಹಮ್ ಕಡೆಯ ಕಾಲೇಜಿನಲ್ಲಿ ಇದೇ ಕೆಲಸಕ್ಕೆ ಸೇರಿದ್ದ. ಅವನ ಮಾಲೀಕರದ್ದೇ ಇನ್ನೊಂದು ಕಾಲೇಜು ಮಸ್ಕತ್ತಿನಲ್ಲಿ. ಅಲ್ಲಿ ಜಾಗ ಖಾಲಿಯಾದಾಗ ಫೋನು ಮಾಡಿ ‘ಬಂದ್ಬುಡ್ಲಾ’ ಎಂದು ಕರೆಸಿಕೊಂಡವನು ಅವನೇ. ಹಾಗಾಗಿ ಒಬ್ಬನೇ ಕಫೀಲ್‌ನ, ಅಂದರೆ ವೀಸಾ ಕೊಡಿಸಿದ ಮಾಲೀಕನ, ಕೈಕೆಳಗೆ, ಕರಾವಳಿಯ ಉದ್ದನೆಯ ರಸ್ತೆಯ ಎರಡು ತುದಿಗಳಲ್ಲಿ, ನಾವಿಬ್ಬರೂ ಸೀಟಿ ಊದಿಕೊಂಡಿದ್ದೆವು.

ನಮ್ಮಿಬ್ಬರಿಗೂ ಹುಡುಗುತನದಿಂದ ಒಂದೇ ಜಗಳ. ದೊಡ್ಡ ಪಂದ್ಯದ ಮುಂಚೆ ಆಡಬೇಕೋ, ಮಲಗಬೇಕೋ? ನಾನು ಆಡುವ ಪಕ್ಷ. ನಾಲ್ಕು ದಿನ ಮುಟ್ಟದಿದ್ದರೆ ಚೆಂಡಿಗೆ ಕೈಯ ಪರಿಚಯ ಮರೆತುಹೋಗುತ್ತದೆ ಎಂದು ನಂಬಿದವನು. ಅವನು ಮಲಗುವ ಪಕ್ಷ. ನಾಳೆ ಫೈನಲ್ ಎಂದರೆ ಇವತ್ತು ನಾವೆಲ್ಲ ಕತ್ತಲಾಗುವ ತನಕ ಬೆವರು ಸುರಿಸುತ್ತಿರುವಾಗ ಅವನು ಮನೆಯಲ್ಲಿ ಮುದ್ದೆ ಉಂಡು, ಮುಸುಕು ಹೊದ್ದು, ಗೊರಕೆ ಹೊಡೆಯುತ್ತಿದ್ದ. ‘ಕಾಲ್ಗೂ ಒಸಿ ಮರ್ವಾದೆ ಕೊಡ್ಬೇಕು ಕಣ್ಲಾ’ ಅನ್ನುತ್ತಿದ್ದ. ಮೇಷ್ಟ್ರಾದ ಮೇಲೂ ಬಿಡಲಿಲ್ಲ. ಟೂರ್ನಮೆಂಟಿಗೆ ಮುಂಚೆ ಅವನ ಹುಡುಗರು ಚೆಂಡು ಮುಟ್ಟುವ ಹಾಗಿಲ್ಲ, ನನ್ನ ಹುಡುಗರು ಚೆಂಡು ಬಿಡುವ ಹಾಗಿಲ್ಲ. ಒಂದು ವರ್ಷ ಅವನು ಗೆಲ್ಲುತ್ತಿದ್ದ, ಒಂದು ವರ್ಷ ನಾನು. ಹಾಗಾಗಿ ಜಗಳ ತೀರಲೇ ಇಲ್ಲ.

ಕಾಲೇಜುಗಳ ಲೀಗ್ ಮುಗಿದು, ಟೂರ್ನಮೆಂಟಿಗೆ ಇನ್ನೂ ಒಂದಿಷ್ಟು ದಿನ ಬಾಕಿಯಿದ್ದಾಗ ನಮ್ಮ ಅಕೌಂಟೆಂಟ್ ಒಂದು ಸುದ್ದಿ ತಂದರು. ಮಂಗಳೂರು ಕಡೆಯವರು, ಒಳ್ಳೆಯವರು, ಹೊಟ್ಟೆಯಲ್ಲಿ ಮಾತು ನಿಲ್ಲದವರು. ಚಹಾ ಯಂತ್ರದ ಬಳಿ ಅತ್ತ ಇತ್ತ ನೋಡಿ ನನ್ನನ್ನು ಪಕ್ಕಕ್ಕೆ ಎಳೆದರು.

“ಸರ್, ನಿಮ್ಗೆ ಗೊತ್ತುಂಟಾ? ಎರಡು ಕಾಲೇಜಿಗೆ ಸೇರಿ ಸ್ಪೋರ್ಟ್ಸಿಗೆ ಒಬ್ಬನೇ ಸಾಕಂತೆ. ಮಾಲೀಕರೇ ಹೇಳಿದ್ದಂತೆ.”

“ಯಾರು ಉಳಿಯೋದು?”

“ಅದು ಗೊತ್ತಿಲ್ಲ ಮಾರಾಯ್ರೆ. ಟೂರ್ನಮೆಂಟು ಮುಗೀಲಿ, ಆಮೇಲೆ ನೋಡುವ ಅಂದ್ರಂತೆ. ಅವರಿಗೆ ಕಪ್ಪಿನ ಮರ್ಲು ಉಂಟಲ್ಲ.”

ಮರ್ಲು ಎಂದರೆ ಹುಚ್ಚು. ಮಾಲೀಕರಿಗೆ ಅದಿತ್ತು. ಗೆದ್ದ ಕಪ್ಪುಗಳಿಗೆಂದು ಕಾಲೇಜಿನ ಹೊರಬಾಗಿಲಲ್ಲೇ ಗಾಜಿನ ಕಪಾಟು ಮಾಡಿಸಿ, ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಿದ್ದರು. ಹಾಗಾದರೆ ಯಾರ ಟೀಮು ಮುಂದೆ ಹೋಗುತ್ತದೋ ಅವನಿಗೆ ಕೆಲಸ, ಇನ್ನೊಬ್ಬನಿಗೆ ವಿಮಾನ. ಅಲ್ಲಿ ಕೆಲಸ ಹೋದರೆ ಕೆಲಸ ಮಾತ್ರ ಹೋಗುವುದಿಲ್ಲ. ವೀಸಾ ಹೋಗುತ್ತದೆ, ಮನೆ ಹೋಗುತ್ತದೆ, ಹೆಂಡತಿ ಮಕ್ಕಳು ಸಾಮಾನು ಕಟ್ಟಬೇಕಾಗುತ್ತದೆ. ನನ್ನ ಮಗಳು ಗುಬ್ರಾದ ಇಂಡಿಯನ್ ಶಾಲೆಯಲ್ಲಿ ಹತ್ತನೆಯ ತರಗತಿಗೆ ಕಾಲಿಟ್ಟಿದ್ದಳು. ನಡುವರ್ಷದಲ್ಲಿ ಅವಳನ್ನು ಎತ್ತಿಕೊಂಡು ಹೋಗಿ ಮಂಡ್ಯದಲ್ಲಿ ಯಾವ ಶಾಲೆಯ ಬಾಗಿಲು ಬಡಿಯುವುದು? ಅವನಿಗೂ ಇಬ್ಬರು ಚಿಕ್ಕ ಗಂಡುಮಕ್ಕಳಿದ್ದರು. ಅದು ನನಗೆ ನೆನಪಾದದ್ದು ಸ್ವಲ್ಪ ತಡವಾಗಿ.

ಅದೇ ವಾರ ಅವನ ಫೋನು ಬಂತು.

“ಏನ್ಲಾ, ಹುಡುಗ್ರನ್ನ ಬಸ್ಸಿಗಾಕ್ಕಂಡು ಬಾರ್ಲಾ. ಒಂದ್ ಮ್ಯಾಚ್ ಆಡನ. ಸುಮ್ಕೆ, ಫ್ರೆಂಡ್ಲಿ.”

“ಯಾವತ್ತು?”

“ಈ ವಾರ್ದಾಗೇ ಬಾ. ನಮ್ಮೋಳು ಅಡ್ಗೆ ಮಾಡ್ತಾಳೆ. ಉಂಡ್ಕೊಂಡ್ ಹೋಗೀವಂತೆ.”

ಬರುತ್ತೇನೆ ಎಂದು ಫೋನಿಟ್ಟೆ. ಇಟ್ಟ ಮೇಲೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಟೂರ್ನಮೆಂಟಿನ ಮುಂಚೆ ಹುಡುಗರನ್ನು ಅಲುಗಾಡಲೂ ಬಿಡದ ಮನುಷ್ಯ, ತಾನಾಗಿಯೇ ಮ್ಯಾಚ್ ಆಡೋಣ ಅನ್ನುತ್ತಾನೆ! ಹುಟ್ಟಿದಾಗಿನಿಂದ ಇಲ್ಲದ್ದು ಈಗೇನು? ಅವನಿಗೂ ಸುದ್ದಿ ಮುಟ್ಟಿದೆ ಎಂದು ನನಗೆ ಖಾತ್ರಿಯಾಯಿತು. ನನ್ನ ಟೀಮನ್ನು ಕಣ್ಣಾರೆ ನೋಡಿ ತೂಕ ಹಾಕಬೇಕಾಗಿದೆ. ನಾನು ಹೊಸದಾಗಿ ಕಲಿಸಿದ್ದ ರಕ್ಷಣೆಯ ಆಟದ ವಿಷಯ ಗಾಳಿಯಲ್ಲಿ ಕೇಳಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಎತ್ತರದ ಹುಡುಗನ ಮಂಡಿ ಹೇಗಿದೆ ಎಂದು ತಿಳಿಯಬೇಕಾಗಿದೆ.

ಆ ಎತ್ತರದ ಹುಡುಗ ಮಸ್ಕತ್ತಿನ ಪಕ್ಕದ ಅಲ್ ಅಮೇರಾತ್‌ನವನು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುವಷ್ಟು ಉದ್ದ, ಮಾತಿಗೆ ಮುಂಚೆ ನಾಚಿಕೆ. ನಮ್ಮ ಟೀಮಿನ ಅರ್ಧ ಶಕ್ತಿ ಅವನು. ಲೀಗಿನ ಕೊನೆಯ ಪಂದ್ಯದಲ್ಲಿ ಅವನ ಎಡಮಂಡಿ ಉಳುಕಿತ್ತು. ‘ನೋವಿದೆಯೇನಪ್ಪ?’ ಎಂದರೆ ‘ಇಲ್ಲ ಕೋಚ್’ ಅನ್ನುತ್ತಿದ್ದ, ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತಿದ್ದ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ.

“ಪಾಪ, ಅವರು ಮಾಮೂಲಿಯಾಗಿ ಕರೆದಿದ್ದಾರೆ ಕಣ್ರೀ. ನಿಮಗೆ ಎಲ್ಲದರಲ್ಲೂ ಒಂದು ಕೊಂಕು.”

“ಮಾಮೂಲಿಯಾಗಿ ಕರೆಯೋನಾಗಿದ್ದರೆ ಹೋದ ವರ್ಷ ಯಾಕೆ ಕರೀಲಿಲ್ಲ?”

“ಹೋದ ವರ್ಷ ಕರೆದಿದ್ದರೂ ಹೀಗೇ ಅಂತಿದ್ರಿ.”

ಓದುತ್ತಿದ್ದ ಮಗಳು ಪುಸ್ತಕದಿಂದ ಕಣ್ಣೆತ್ತದೆ “ಅಪ್ಪಾ, ಯು ಆರ್ ಟೂ ಮಚ್” ಎಂದಳು. ಇವರ ಹೊಟ್ಟೆಗಾಗಿ ನಾನು ಕಾವಲು ಕಾಯುತ್ತಿರುವುದು, ನನಗೇ ಮಂಗಳಾರತಿ.

ಹೋಗದಿದ್ದರೆ ಹೆದರಿದ ಅನ್ನುತ್ತಾನೆ. ಹೋದರೆ ಗುಟ್ಟು ರಟ್ಟಾಗುತ್ತದೆ. ಬಸ್ಸು ಬಾತಿನಾದ ಕರಾವಳಿ ರಸ್ತೆ ಹಿಡಿದಾಗ ನಾನು ಹುಡುಗರನ್ನು ಹಿಂದಿನ ಸೀಟುಗಳಿಗೆ ಕೂಡಿಸಿಕೊಂಡು ಉಪಾಯ ಹೇಳಿಕೊಟ್ಟೆ. ಹೊಸ ರಕ್ಷಣೆ ಬೇಡ, ಹಳೆಯದನ್ನೇ ಆಡಿ. ನಮ್ಮ ಒಳ್ಳೆಯ ಪಟ್ಟುಗಳಲ್ಲಿ ಒಂದನ್ನೂ ತೋರಿಸಬೇಡಿ. ನೀನು ಎಡಗೈಯಲ್ಲಿ ಎಸೆ. ನೀನು ಪಾಸು ಕೊಡಲು ಬಾರದವನಂತೆ ಇರು. ಎತ್ತರದವನಿಗೆ ಆಟವೇ ಇಲ್ಲ. ಬೆಂಚಿನಲ್ಲಿ ಕೂತು ಮಂಡಿಗೆ ಐಸ್ ಇಟ್ಟುಕೊಳ್ಳಬೇಕು. ನೋವಿರುವ ಎಡಮಂಡಿಗಲ್ಲ, ಬಲಮಂಡಿಗೆ. ಮುಂದೆ ಟೂರ್ನಮೆಂಟಿನಲ್ಲಿ ಅವರ ಹುಡುಗರು ಬಲಗಡೆಯಿಂದ ನುಗ್ಗಿ ಅವನನ್ನು ದಣಿಸಲು ನೋಡಬೇಕು, ಇವನು ಗಟ್ಟಿ ಕಾಲಿನ ಮೇಲೆ ನಿಂತಿರಬೇಕು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಹುಡುಗರು ಮುಖ ಮುಖ ನೋಡಿಕೊಂಡರು. ಎತ್ತರದವನು ಒಂದೇ ಪ್ರಶ್ನೆ ಕೇಳಿದ: “ಕೋಚ್, ಚಳಿ ಆದರೆ ತೆಗೆಯಬಹುದಾ?”

ಸಹಮ್‌ನಲ್ಲಿ ಅವರದು ಬಯಲು ಅಂಕಣ. ಸಂಜೆ ಸಮುದ್ರದ ಗಾಳಿ ಜಿಗುಟಾಗಿ ಬೀಸುತ್ತಿತ್ತು. ಗೆಳೆಯ ನಗುನಗುತ್ತ ಬಂದು ತಬ್ಬಿಕೊಂಡ. ಸ್ವಲ್ಪ ಇಳಿದಿದ್ದ, ಕಣ್ಣ ಕೆಳಗೆ ಕಪ್ಪು. ಪಂದ್ಯ ಶುರುವಾಯಿತು. ಐದು ನಿಮಿಷದಲ್ಲಿ ನನಗೆ ಒಂದು ವಿಷಯ ಹೊಳೆಯಿತು: ಅವನೂ ಬಚ್ಚಿಡುತ್ತಿದ್ದಾನೆ. ಅವನ ಟೀಮಿನಲ್ಲಿ ಒಬ್ಬ ಗಿಡ್ಡ ಹುಡುಗನಿದ್ದ, ಮೀನುಗಾರರ ಮನೆಯವನು. ಚೆಂಡು ಅವನ ಅಂಗೈಗೆ ಅಂಟಿಕೊಂಡೇ ಓಡುತ್ತಿತ್ತು. ಲೀಗಿನುದ್ದಕ್ಕೂ ಎಲ್ಲರನ್ನೂ ಕುಣಿಸಿದವನು. ಅಂಥವನನ್ನು ಇವತ್ತು ಬುಟ್ಟಿಯ ಕೆಳಗೆ, ಆಳೆತ್ತರದ ದಾಂಡಿಗರ ನಡುವೆ ನಿಲ್ಲಿಸಿದ್ದ. ಹುಡುಗ ಅಲ್ಲಿ ಕೈ ಎತ್ತಿಕೊಂಡು ಸುಮ್ಮನೆ ನಿಂತಿದ್ದ. ನನ್ನವರು ಎಡಗೈಯಲ್ಲಿ ಎಸೆದು ಬೇಲಿಯಾಚೆ ಕಳಿಸುತ್ತಿದ್ದರು, ಅವನವರು ಖಾಲಿ ಬುಟ್ಟಿಯ ಮುಂದೆ ನಿಂತು ಹಿಂದಕ್ಕೆ ಪಾಸು ಕೊಡುತ್ತಿದ್ದರು. ಸೋಲಲು ಎರಡೂ ಟೀಮು ಅಷ್ಟು ಕಷ್ಟಪಟ್ಟದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಸೀಟಿ ಹಿಡಿದಿದ್ದ ಈಜಿಪ್ಟಿನ ಮೇಷ್ಟ್ರು ಮಧ್ಯಂತರದಲ್ಲಿ ನಮ್ಮಿಬ್ಬರ ಹತ್ತಿರ ಬಂದು, “ಯಾ ಕ್ಯಾಪ್ಟನ್, ಇವರಿಗೆ ನಿಜವಾಗಿ ನೀವೇ ಕಲಿಸಿದ್ದಾ?” ಎಂದು ಕಳಕಳಿಯಿಂದ ಕೇಳಿದರು.

ನಾವಿಬ್ಬರೂ ನಗಲಿಲ್ಲ. ನಕ್ಕಿದ್ದರೆ ಅವತ್ತೇ ಎಲ್ಲ ಮಾತಾಡಿ ಮುಗಿಸಬಹುದಾಗಿತ್ತು.

ಅವನ ಮನೆಯಲ್ಲಿ ಊಟಕ್ಕೆ ಕೂತೆವು. ಮುದ್ದೆ, ಸೊಪ್ಪಿನ ಉಪ್ಸಾರು. ಒಳಗಿನ ಕೋಣೆಯ ಬಾಗಿಲು ಅರೆತೆರೆದಿತ್ತು. ಗೋಡೆಯುದ್ದಕ್ಕೂ ಟೇಪು ಹಚ್ಚಿದ ರಟ್ಟಿನ ಡಬ್ಬಗಳು ಕಂಡವು. ನಾನು ನೋಡಿದ್ದನ್ನು ಅವನ ಹೆಂಡತಿ ನೋಡಿದಳು.

“ಮಕ್ಳನ್ನ ಕರ್ಕಂಡು ನಾನ್ ಮೊದ್ಲು ಊರಿಗೋಯ್ತಿವ್ನಿ ಅಣ್ಣ. ಇವ್ರು ಒಬ್ರೇ ಇರ್ತಾರೆ. ಈಗ ಎಲ್ರೂ ಅಂಗೇ ಮಾಡ್ತಾವ್ರಲ್ವಾ.”

ನಿಜ, ಎಲ್ಲರೂ ಹಾಗೇ ಮಾಡುತ್ತಿದ್ದರು. ಸಂಸಾರ ಮೊದಲು, ಗಂಡಸು ಆಮೇಲೆ. ಆದರೆ ನನ್ನ ಮನಸ್ಸು ನೇರವಾಗಿ ಓಡಬೇಕಲ್ಲ. ಕನಿಕರ ಹುಟ್ಟಿಸಲು ಡಬ್ಬಗಳನ್ನು ಕಾಣುವಂತೆ ಇಟ್ಟಿದ್ದಾರೆಯೇ? ಬಾಗಿಲು ಮುಚ್ಚಲು ಅವರಿಗೆ ಕೈ ಇರಲಿಲ್ಲವೇ? ಅನ್ನ ಹಾಕುತ್ತಿರುವ ಮನೆಯ ಬಗ್ಗೆ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ನಾಚಿಕೆಯಾದರೂ ಯೋಚನೆ ನಿಲ್ಲಲಿಲ್ಲ. ಒಂದೇ ಕೆಲಸಕ್ಕೆ ನಾವಿಬ್ಬರು ಎಂಬ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಸ್ಸು ಹತ್ತುವಾಗ ಅವನು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ.

“ನೋಡ್ಲಾ, ನಿನ್ ಉದ್ದುಡುಗಂಗೆ ಒಂದ್ ವಾರ ಬಾಲ್ ಮುಟ್ಟಿಸ್ಬ್ಯಾಡ. ಪೂರ್ತಿ ರೆಸ್ಟ್ ಕೊಡು. ಆ ಮಂಡಿ ಹೋದ್ರೆ ಅವನ ಆಟ್ವೇ ಹೋಯ್ತದೆ.”

“ಯಾವ ಮಂಡಿ?” ಎಂದೆ, ಗಂಭೀರವಾಗಿ.

“ಎಡ್ದು. ಬಲ್ಗಾಲ್ಗೆ ಐಸ್ ಮಡಗ್ಸಿದ್ದೀಯ, ಎದ್ದೇಳ್ವಾಗ ಎಡ್ಗಾಲ್ ಹಿಡ್ಕತಾನೆ. ನಂಗೂ ಕಣ್ ಅವೆ ಕಣ್ಲಾ.”

ಬಸ್ಸಿನಲ್ಲಿ ಹುಡುಗರು ಹಾಡು ಹೇಳುತ್ತಿದ್ದರು, ನಾನು ಲೆಕ್ಕ ಹಾಕುತ್ತಿದ್ದೆ. ರೆಸ್ಟ್ ಕೊಡು ಅನ್ನುತ್ತಾನೆ. ಯಾರ ಒಳಿತಿಗೆ? ವಾರವಿಡೀ ಕೂತರೆ ಹುಡುಗ ಮರಗಟ್ಟುತ್ತಾನೆ, ಅದು ಅವನಿಗೆ ಲಾಭ. ಹಾಗಾದರೆ ಆಡಿಸಬೇಕು. ಆದರೆ ನಾನು ಅವನ ಮಾತಿಗೆ ಉಲ್ಟಾ ಮಾಡುವವನು ಎಂದು ಅವನಿಗೆ ಗೊತ್ತು. ಆಡಿಸಿ ಮಂಡಿ ಕೆಡಿಸಿಕೊಳ್ಳಲಿ ಎಂದೇ ರೆಸ್ಟ್ ಕೊಡು ಅಂದಿರಬಹುದು. ಹಾಗಾದರೆ ಕೊಡಬೇಕು. ಅಥವಾ ನಾನು ಇಷ್ಟು ದೂರ ಯೋಚಿಸುತ್ತೇನೆಂದೂ ಅವನಿಗೆ ಗೊತ್ತಿದ್ದರೆ? ಸಹಮ್‌ನಿಂದ ಮಸ್ಕತ್ತಿನವರೆಗಿನ ದೀಪದ ಕಂಬಗಳೆಲ್ಲ ಮುಗಿದರೂ ನಾನು ಒಂದು ತೀರ್ಮಾನಕ್ಕೆ ಬರಲಿಲ್ಲ. ಅವನು ನಿಜವಾಗಿ ಆ ಹುಡುಗನ ಮಂಡಿಗಾಗಿಯೇ ಹೇಳಿರಬಹುದು ಎಂಬುದು ನನ್ನ ಲೆಕ್ಕದಲ್ಲೇ ಬರಲಿಲ್ಲ.

ಕೊನೆಗೆ ಆಡಿಸುವುದೆಂದು ನಿಶ್ಚಯಿಸಿದೆ. ಮರುದಿನದ ಅಭ್ಯಾಸಕ್ಕೆ ಎತ್ತರದವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಸ್ವಿಚ್ಡ್ ಆಫ್. ವಿಚಾರಿಸಿದರೆ, ಒಳನಾಡಿನಲ್ಲಿ ಅಜ್ಜಿಯ ಊರಿನಲ್ಲಿ ಯಾರದೋ ಮದುವೆಯಂತೆ, ಮನೆಮಂದಿಯೆಲ್ಲ ಹೋಗಿದ್ದಾರಂತೆ, ಗುಡ್ಡದ ಮಧ್ಯೆ ಸಿಗ್ನಲ್ ಇಲ್ಲವಂತೆ. ನಾನು ಅಂಕಣದ ಸುತ್ತ ಗಾಣದ ಎತ್ತಿನ ಹಾಗೆ ಸುತ್ತಿದೆ. ಆ ಮದುವೆಯನ್ನೂ ನನ್ನ ಗೆಳೆಯನೇ ಏರ್ಪಾಡು ಮಾಡಿಸಿರಬಹುದೇ ಎಂದು ಒಂದು ಗಳಿಗೆ ಅನ್ನಿಸಿತ್ತು ಎಂದರೆ ನೀವು ನಗುತ್ತೀರಿ. ನನಗೆ ಅವತ್ತು ನಗು ಬರಲಿಲ್ಲ. ಉಳಿದ ಹುಡುಗರನ್ನು ದಿನವೂ ಆಡಿಸಿ ಆಡಿಸಿ, ಟೂರ್ನಮೆಂಟು ಬರುವ ಹೊತ್ತಿಗೆ ಅವರ ನಾಲಿಗೆ ಹೊರಗೆ ಬರುವಂತೆ ಮಾಡಿದ್ದೆ. ಎತ್ತರದವನು ಮದುವೆಯ ಮಾಂಸದನ್ನ ಉಂಡು, ನಿದ್ದೆ ಮಾಡಿ, ಮಂಡಿ ವಾಸಿ ಮಾಡಿಕೊಂಡು, ಕೆನ್ನೆ ತುಂಬಿಕೊಂಡು ಬಂದ. “ಸಾರಿ ಕೋಚ್” ಎಂದ. ಬೈಯೋಣವೆಂದರೆ ಬಾಯಿ ಬರಲಿಲ್ಲ, ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿಯುತ್ತಿದ್ದ.

ಸೆಮಿಫೈನಲ್‌ನಲ್ಲಿ ನಾವೇ ಎದುರುಬದುರಾದೆವು. ಮಸ್ಕತ್ತಿನ ದೊಡ್ಡ ಒಳಾಂಗಣ. ಮುಂದಿನ ಸಾಲಿನಲ್ಲಿ ಬಿಳಿ ದಿಶ್ದಾಶಾ ನಿಲುವಂಗಿಯಲ್ಲಿ ಮಾಲೀಕರು ಕೂತಿದ್ದರು, ಪಕ್ಕದಲ್ಲಿ ಎರಡೂ ಕಾಲೇಜಿನ ಡೀನ್‌ಗಳು. ನಮ್ಮ ಅಕೌಂಟೆಂಟ್ ದೂರದಿಂದಲೇ ನನಗೆ ಹೆಬ್ಬೆರಳು ತೋರಿಸಿದರು. ಹೆಂಡತಿ, ಮಗಳೂ ಬಂದಿದ್ದರು.

ಇವತ್ತು ಯಾರೂ ಏನೂ ಬಚ್ಚಿಡಲಿಲ್ಲ. ನನ್ನವರು ದಣಿದಿದ್ದರು, ನಿಜ. ನಾಲ್ಕು ಕ್ವಾರ್ಟರಿನ ಆಟದಲ್ಲಿ ಮೂರನೆಯದಕ್ಕೇ ಕಾಲೆಳೆಯತೊಡಗಿದರು. ಅವನವರು ವಾರವಿಡೀ ಮಲಗಿ ಎದ್ದವರು, ಜಿಂಕೆಮರಿಗಳ ಹಾಗೆ ನೆಗೆಯುತ್ತಿದ್ದರು. ಗಿಡ್ಡ ಹುಡುಗನನ್ನು ಹಿಡಿಯಲು ನಮ್ಮಲ್ಲಿ ಯಾರಿಂದಲೂ ಆಗಲಿಲ್ಲ. ನಮ್ಮನ್ನು ಆಟದಲ್ಲಿ ಉಳಿಸಿದವನು ಎತ್ತರದವನೊಬ್ಬನೇ. ಆದರೂ ಮೂರನೆಯ ಕ್ವಾರ್ಟರ್ ಮುಗಿದಾಗ ಅವರೇ ಮುಂದಿದ್ದರು. ಗೆಳೆಯನ ವಾದವೇ ಗೆದ್ದಿತು, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮಗಳ ಕಡೆ ನೋಡಲು ಧೈರ್ಯವಾಗಲಿಲ್ಲ.

ಕೊನೆಯ ಕ್ವಾರ್ಟರಿಗೆ ಹುಡುಗರು ಅಂಕಣಕ್ಕಿಳಿದರು. ಗಿಡ್ಡ ಹುಡುಗ ಬರಲಿಲ್ಲ. ಬೆಂಚಿನಲ್ಲಿ ಕೂತಿದ್ದ, ತಲೆಯ ಮೇಲೆ ಟವೆಲ್ಲು.

ನಾನು ಮೊದಲು ಅಂದುಕೊಂಡದ್ದು ಇದು ಅವನ ಹಳೆಯ ವಿದ್ಯೆ ಎಂದು. ಸ್ವಲ್ಪ ಹೊತ್ತು ಕೂರಿಸುತ್ತಾನೆ, ನಮ್ಮವರು ಪೂರ್ತಿ ಸೋತ ಮೇಲೆ ಕೊನೆಯ ಎರಡು ನಿಮಿಷಕ್ಕೆ ಬಿಡುತ್ತಾನೆ. ನಾನು ಅದಕ್ಕೆಂದೇ ಟೈಮ್ ಔಟ್ ಉಳಿಸಿಕೊಂಡೆ. ನಮ್ಮವರು ಒಂದೊಂದೇ ಬುಟ್ಟಿ ಹಾಕಿ ಹತ್ತಿರವಾದರು. ಸಮವಾಯಿತು. ಗಿಡ್ಡ ಹುಡುಗ ಟವೆಲ್ಲು ತೆಗೆದು ತನ್ನ ಕೋಚಿನ ಮುಖ ನೋಡಿದ. ಗೆಳೆಯ ತಿರುಗಲಿಲ್ಲ. ಹುಡುಗ ಎದ್ದು ನಿಂತ. ಅವನು ಹಿಂದೆ ನೋಡದೆಯೇ ಕೈ ಕೆಳಗೆ ಮಾಡಿ ಕೂರು ಎಂದು ಸನ್ನೆ ಮಾಡಿದ. ಅವರ ಡೀನ್ ಬೆಂಚಿನ ಹತ್ತಿರ ಬಂದು ಏನೋ ಹೇಳಿದರು. ಅವನು ತಲೆಯಾಡಿಸಿದ, ಅಷ್ಟೇ. ನಾನು ಅಂಕಣ ಬಿಟ್ಟು ಬೆಂಚನ್ನೇ ನೋಡುತ್ತಿದ್ದೆ. ಈಗ ಬಿಡುತ್ತಾನೆ, ಈಗ ಬಿಡುತ್ತಾನೆ. ಎತ್ತರದವನು ಕೊನೆಯ ಬುಟ್ಟಿ ಹಾಕಿದ್ದನ್ನು ನಾನು ನೋಡಲೇ ಇಲ್ಲ, ಕೂಗಿನಿಂದ ತಿಳಿಯಿತು. ಗಂಟೆ ಹೊಡೆಯಿತು. ಉಳಿಸಿಕೊಂಡಿದ್ದ ಟೈಮ್ ಔಟ್ ನನ್ನ ಬಳಿಯೇ ಇತ್ತು.

ಕೈ ಕುಲುಕುವಾಗ ಕೇಳಿದೆ, “ಯಾಕ್ಲಾ ಅವನ್ನ ಕೂರಿಸ್ದೆ?”

“ಸುಸ್ತಾಗಿದ್ದ. ನಾಳೆ ಫೈನಲ್ಗೆ ಬೇಕಾಯ್ತಾನೆ ಅಂತ ರೆಸ್ಟ್ ಕೊಟ್ಟೆ. ಗೆದ್ದೇ ಗೆಲ್ತೀವಿ ಅನ್ಕಂಡೆ, ಲೆಕ್ಕ ತಪ್ತು” ಎಂದ. “ಚೆನ್ನಾಗಾಡುದ್ರು ನಿನ್ನುಡುಗ್ರು.”

ಕೋಚುಗಳು ಇಂಥ ತಪ್ಪು ಮಾಡುತ್ತಾರೆ. ನಾನೂ ಮಾಡಿದ್ದೇನೆ. ರೆಸ್ಟೇ ದೇವರೆಂದು ನಂಬಿದವನು ಮಾಡದಿರುತ್ತಾನೆಯೇ? ಅವತ್ತು ಹಾಗೆಂದುಕೊಂಡೇ ಮನೆಗೆ ಹೋದೆ. ಹೆಂಡತಿ ಶಾವಿಗೆ ಪಾಯಸ ಮಾಡಿದಳು. ಮರುದಿನ ನಾವು ಫೈನಲ್ ಸೋತೆವು, ಚೆನ್ನಾಗಿಯೇ ಸೋತೆವು. ಆದರೂ ಮಾಲೀಕರು ರನ್ನರ್ಸ್ ಕಪ್ಪನ್ನೇ ಎರಡು ಕೈಯಲ್ಲಿ ಹಿಡಿದುಕೊಂಡು ಫೋಟೋ ತೆಗೆಸಿಕೊಂಡರು. ಕೆಲವು ದಿನಗಳಲ್ಲಿ ನನ್ನ ಕೆಲಸ ಗಟ್ಟಿಯಾಯಿತು, ಅವನದು ಹೋಯಿತು. ಅವನು ಹೊರಡುವ ದಿನ ನಾನೇ ವಿಮಾನ ನಿಲ್ದಾಣಕ್ಕೆ ಬಿಟ್ಟೆ. ದಾರಿಯುದ್ದಕ್ಕೂ ಎತ್ತರದವನ ಮಂಡಿಗೆ ಮಾಡಿಸಬೇಕಾದ ಕಸರತ್ತಿನ ಬಗ್ಗೆಯೇ ಮಾತಾಡಿದ.

ಆಮೇಲೆ ಸಹಮ್ ಕಾಲೇಜಿನ ಹುಡುಗರೂ ನನ್ನ ಪಾಲಿಗೆ ಬಂದರು. ವಾರದಲ್ಲಿ ಕೆಲವು ದಿನ ಅಷ್ಟು ದೂರ ಹೋಗಿ ಬರುತ್ತಿದ್ದೆ. ಮೊದಲ ದಿನವೇ ಗಿಡ್ಡ ಹುಡುಗನನ್ನು ಕರೆದು ಕೇಳಿದೆ, ಅವತ್ತು ಅಷ್ಟೊಂದು ಸುಸ್ತಾಗಿತ್ತಾ ಎಂದು. ಅವನಿಗೆ ಆ ಸಿಟ್ಟು ಇನ್ನೂ ಆರಿರಲಿಲ್ಲ.

“ಸುಸ್ತೇ ಆಗಿರಲಿಲ್ಲ ಕೋಚ್. ಆಡ್ತೀನಿ ಅಂತ ಮೂರು ಸಲ ಹೇಳಿದೆ. ‘ಖಲಾಸ್, ಕೂತ್ಕೋ’ ಅಂದರು.”

ಅಲ್ಲಿಂದ ನನ್ನ ನಿದ್ದೆ ಹಾಳಾಯಿತು. ಅದುವರೆಗೆ ನನಗೆ ಗೊತ್ತಿದ್ದ ಅನುಮಾನವೆಲ್ಲ ಒಂದೇ ಜಾತಿಯದು: ಯಾರು ನನಗೆ ಕೇಡು ಬಗೆಯುತ್ತಿದ್ದಾರೆ, ಯಾರು ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂಬುದು. ಅದಕ್ಕೆ ಔಷಧ ಸುಲಭ, ಹುಷಾರಾಗಿದ್ದರೆ ಸಾಕು. ಒಬ್ಬನು ನನಗೆ ಒಳ್ಳೆಯದು ಮಾಡಿ ಮುಚ್ಚಿಟ್ಟಿದ್ದಾನೋ ಏನೋ ಎಂಬ ಅನುಮಾನ ಬಂದರೆ ಎಲ್ಲಿಗೆ ಹೋಗುವುದು? ಯಾವ ಬೀಗ ಜಗ್ಗಿ ನೋಡುವುದು? ಮಗಳು ಹತ್ತನೆಯ ತರಗತಿ ಪಾಸಾಗಿ ಸಿಹಿ ಹಂಚಿದ ದಿನ ಎಲ್ಲರೂ ನಗುತ್ತಿದ್ದರು, ನಾನು ನನ್ನ ಪಾಲಿನ ಸಿಹಿಯನ್ನು ತಟ್ಟೆಯಲ್ಲೇ ಬಿಟ್ಟೆ. ಅವನ ಮೇಲೆ ಸಿಟ್ಟೇ ಬಂತು. ಹಾಗೆ ಮಾಡಿದ್ದರೆ ಹೇಳಬೇಕಿತ್ತು. ಮಾಡಿರದಿದ್ದರೆ ಇನ್ನಷ್ಟು ಜೋರಾಗಿ ಮಾಡಿಲ್ಲ ಅನ್ನಬೇಕಿತ್ತು.

ಕಾಲ ಸ್ವಲ್ಪ ಸುಧಾರಿಸಿ, ರಜೆಗೆ ಹೋದವರು ವಾಪಸ್ ಬರತೊಡಗಿದ ಮೇಲೆ ನಾನೂ ಧೈರ್ಯ ಮಾಡಿ ಮಂಡ್ಯಕ್ಕೆ ಹೋದೆ. ಅವನು ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದ, ಸಂಜೆ ನಮ್ಮ ಹಳೆಯ ಅಂಕಣದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ. ಅಲ್ಲಿಗೇ ಹೋದೆ. ಅಭ್ಯಾಸ ಮುಗಿದು ಮಕ್ಕಳೆಲ್ಲ ಸೈಕಲ್ ಹತ್ತಿ ಹೋಗಿದ್ದರು. ಅವನು ಬುಟ್ಟಿಯ ಬಲೆ ಬಿಚ್ಚಿ ಗಂಟು ಬಿಡಿಸುತ್ತ ಕಟ್ಟೆಯ ಮೇಲೆ ಕೂತಿದ್ದ. ಮನೆ, ಮಕ್ಕಳು, ಮಳೆ, ಎತ್ತರದ ಹುಡುಗ ಎಲ್ಲ ವಿಚಾರಿಸಿದ. ಎತ್ತರದವನಿಗೆ ಮದುವೆಯಾಯಿತು ಎಂದೆ, ಸಂತೋಷಪಟ್ಟ. ಆಮೇಲೆ ನಾನು ತಡೆಯಲಾರದೆ ಕೇಳಿಬಿಟ್ಟೆ.

“ನಿಜ ಹೇಳ್ಲಾ. ಅವತ್ತು ಆ ಹುಡುಗನ್ನ ಬೇಕಂತ್ಲೇ ಕೂರಿಸ್ದಾ? ನಂಗೋಸ್ಕರ?”

ಅವನು ಗಂಟಿನಿಂದ ಕಣ್ಣೆತ್ತಲಿಲ್ಲ.

“ನೀನೇಳು. ನನ್ ಜಾಗ್ದಾಗೆ ನೀನಿದ್ದಿದ್ರೆ ಕೂರಿಸ್ತಿದ್ದಾ?”

ಸುಳ್ಳು ಹೇಳಬಹುದಿತ್ತು. ಅವನ ಮುಂದೆ ನಾಲಿಗೆ ಹೊರಳಲಿಲ್ಲ.

“ಇಲ್ಲ” ಎಂದೆ.

“ಮತ್ತೆ? ನಾನ್ಯಾಕ್ಲಾ ಕೂರಿಸ್ಲಿ?” ಎಂದು ಅವನು ನಕ್ಕು, ಬಲೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಹಿಡಿದುಕೋ ಎಂದ.

ನಾನು ಹಿಡಿದುಕೊಂಡೆ. ಇಲ್ಲ ಎನ್ನುವ ಮನುಷ್ಯ ನಾನು ಎಂಬುದು ಅವನಿಗೆ ಇವತ್ತು ಗೊತ್ತಾದದ್ದಲ್ಲ. ಸಹಮ್‌ನ ಬೆಂಚಿನಲ್ಲಿ ಎತ್ತರದವನ ಬಲಮಂಡಿಯ ಮೇಲೆ ಐಸ್ ನೋಡಿದಾಗಲೇ ಗೊತ್ತಾಗಿತ್ತು. ಗಿಡ್ಡ ಹುಡುಗನನ್ನು ಅವನು ಕೂರಿಸಿದ್ದು ಅದಾದ ಮೇಲೆ.